ನಿಂತ ಗಾಡಿಯ ರಸಾಯನ

ಕಾರು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಓಡುವ ಕಾರಿನ ಸವೆತಕ್ಕೊಂದು ಲೆಕ್ಕವಿದೆ. ಇಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್, ಇಷ್ಟಕ್ಕೆ ಬ್ರೇಕ್ ಲೈನಿಂಗ್, ಇಷ್ಟಕ್ಕೆ ಟೈರು ಎಂದು ಮೆಕ್ಯಾನಿಕ್ ಬೆರಳು ಮಡಚಿ ಹೇಳುತ್ತಾನೆ. ನಿಂತ ಕಾರಿನ ಸವೆತ ಅಳೆಯುವ ಮೀಟರು ಡ್ಯಾಶ್‌ಬೋರ್ಡಿನಲ್ಲಿಲ್ಲ. ಕಬ್ಬಿಣ, ನೀರು, ಆಮ್ಲಜನಕ, ಉಪ್ಪು, ಓಝೋನ್‌ಗಳು ತಮ್ಮೊಳಗೇ ನಡೆಸುವ ವ್ಯವಹಾರ ಅದು. ಷೆಡ್ಡಿಗೆ ಬೀಗ ಹಾಕಿದ ಮಾತ್ರಕ್ಕೆ ನಿಲ್ಲುವಂಥದ್ದಲ್ಲ. ಹಳೆಯ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕೆಂದರೆ ಆ ವ್ಯವಹಾರ ಎಲ್ಲೆಲ್ಲಿ, ಎಷ್ಟೆಷ್ಟು ನಡೆದಿದೆ ಎಂದು ಮೊದಲು ಪತ್ತೆ ಹಚ್ಚಬೇಕು. ಪಾನಾ ಹಿಡಿಯುವುದು ಆಮೇಲೆ.

ಇಲ್ಲಿ ಬಿಚ್ಚಿ ನೋಡುತ್ತಿರುವುದು ನಮ್ಮ ಮನೆಯದೇ ಗಾಡಿ, ಟಾಟಾ ಎಸ್ಟೇಟ್. ಆಗ ಟೆಲ್ಕೋ ಎಂದು ಕರೆಸಿಕೊಳ್ಳುತ್ತಿದ್ದ ಕಂಪನಿ 1988ರಲ್ಲಿ ಟಾಟಾಮೊಬೈಲ್ ಪಿಕಪ್ ತಂದಿತು. ಅದರ ಚಾಸಿಯನ್ನೇ ಆಧಾರ ಮಾಡಿಕೊಂಡು 1991ರಲ್ಲಿ ಸಿಯೆರಾ, ಮರುವರ್ಷ ಎಸ್ಟೇಟ್ ಬಂದವು. 1948 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, ಐದು ಗೇರು, ಆ ಕಾಲಕ್ಕೆ ಊರವರೆಲ್ಲ ಬಂದು ನೋಡುತ್ತಿದ್ದ ಪವರ್ ಕಿಟಕಿ. ಎಂಜಿನ್ನಿನ ತಾಕತ್ತು ಎಪ್ಪತ್ತು ಅಶ್ವಶಕ್ತಿಗೂ ಕಡಿಮೆ, ಹಾಗಾಗಿ ಘಾಟಿ ಹತ್ತುವಾಗ ಮಾತುಕತೆಗೆ ಬೇಕಾದಷ್ಟು ಪುರುಸೊತ್ತು ಸಿಗುತ್ತಿತ್ತು. ಡಿಕ್ಕಿ ಬೇರೆಯಾಗಿ ಚಾಚಿಕೊಂಡಿಲ್ಲದ ಗಾಡಿಯನ್ನು ಆಗಿನ ಜನ ಕಾರೆಂದು ಒಪ್ಪಲು ಹಿಂಜರಿಯುತ್ತಿದ್ದರು. ನನ್ನ ಲೆಕ್ಕದಲ್ಲಿ ಸ್ಟೇಷನ್ ವ್ಯಾಗನ್ ನಮ್ಮಲ್ಲಿ ಸೋತದ್ದು ತಾಂತ್ರಿಕ ಕಾರಣಕ್ಕಲ್ಲ, ಈ ಹಿಂಜರಿಕೆಗೆ.

ಕುಂದಾಪುರದ ಕಡೆಯ ನಮ್ಮ ಮನೆಗೆ ಮಾತ್ರ ಅದು ಹೇಳಿ ಮಾಡಿಸಿದ ಗಾಡಿ. ಹಿಂದಿನ ಸೀಟು ಮಡಚಿದರೆ ತೆಂಗಿನಕಾಯಿ ಚೀಲಗಳು, ಬಿಡಿಸಿದರೆ ಮದುವೆ ದಿಬ್ಬಣದ ಅರ್ಧ ಮಂದಿ. ಅಪ್ಪ ಓಡಿಸುವುದನ್ನು ಬಿಟ್ಟ ಮೇಲೆ ಕೊಟ್ಟಿಗೆಗೆ ತಾಗಿದ ಷೆಡ್ಡಿನಲ್ಲಿ ನಿಂತುಬಿಟ್ಟಿತು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದರು. ಕೊಡಲು ಯಾರಿಗೂ ಮನಸ್ಸಾಗಲಿಲ್ಲ. ಏಕೆ ಆಗಲಿಲ್ಲ ಎಂಬುದಕ್ಕೂ ವಿಜ್ಞಾನವಿದೆ, ಅದು ಆಮೇಲೆ.

ಮೊದಲು ತುಕ್ಕು. ಕಬ್ಬಿಣ ಗಣಿಯಿಂದ ಬರುವುದೇ ಆಕ್ಸೈಡ್ ರೂಪದಲ್ಲಿ. ಕುಲುಮೆಯಲ್ಲಿ ಅಪಾರ ಶಕ್ತಿ ಸುರಿದು ಅದರಿಂದ ಆಮ್ಲಜನಕವನ್ನು ಬಿಡಿಸುತ್ತೇವೆ; ಅವಕಾಶ ಸಿಕ್ಕಿದೊಡನೆ ಅದು ಮತ್ತೆ ಆಕ್ಸೈಡ್ ಆಗಲು ಹೊರಡುತ್ತದೆ. ಗಾಳಿಯಲ್ಲಿ ಆಮ್ಲಜನಕವಿದ್ದರೆ ಸಾಲದು, ನೀರೂ ಬೇಕು. ಏಕೆಂದರೆ ತುಕ್ಕು ಹಿಡಿಯುವುದು ಒಂದು ವಿದ್ಯುತ್ ಕ್ರಿಯೆ. ತಗಡಿನ ಒಂದು ತಾಣದಲ್ಲಿ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನುಗಳು ತಗಡಿನೊಳಗೇ ಹರಿದು ಇನ್ನೊಂದು ತಾಣಕ್ಕೆ ಹೋಗಿ, ನೀರಲ್ಲಿ ಕರಗಿದ ಆಮ್ಲಜನಕವನ್ನು ಸೇರುತ್ತವೆ. ಮೊದಲನೆಯದು ಆನೋಡ್, ಎರಡನೆಯದು ಕ್ಯಾಥೋಡ್. ನಡುವಿನ ನೀರಿನ ಪದರ ಸರ್ಕ್ಯೂಟನ್ನು ಪೂರ್ತಿ ಮಾಡುತ್ತದೆ. ಬಾನೆಟ್ಟಿನ ಕೆಳಗಿರುವ ಬ್ಯಾಟರಿ ಸತ್ತುಹೋಗಿದ್ದರೂ ಕಾರಿನ ಮೈಯಲ್ಲಿ ಇಂಥ ಸಾವಿರಾರು ಪುಟ್ಟ ಬ್ಯಾಟರಿಗಳು ದುಡಿಯುತ್ತಲೇ ಇರುತ್ತವೆ.

ಈ ಎರಡು ತಾಣಗಳನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟವರು ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್. ಉಜ್ಜಿ ಹೊಳಪಿಸಿದ ಉಕ್ಕಿನ ಮೇಲೆ ಉಪ್ಪುನೀರಿನ ಒಂದು ಹನಿ ಬಿಟ್ಟು, ಅದಕ್ಕೆ ಬಣ್ಣ ತೋರಿಸುವ ರಾಸಾಯನಿಕ ಬೆರೆಸಿ ಅವರು ಕಾದರು. ಸ್ವಲ್ಪ ಹೊತ್ತಿಗೆ ಹನಿಯ ಅಂಚು ಗುಲಾಬಿ, ನಡು ನೀಲಿ. ಗಾಳಿ ಧಾರಾಳವಾಗಿ ಸಿಗುವ ಅಂಚಿನಲ್ಲಿ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಗಾಳಿಗೆ ದೂರವಾಗಿದ್ದ ನಡುವಿನಲ್ಲಿ ಅದು ಕರಗುತ್ತಿತ್ತು. ಆಮ್ಲಜನಕ ಎಲ್ಲಿ ಹೆಚ್ಚೋ ಅಲ್ಲೇ ತುಕ್ಕು ಹೆಚ್ಚು ಎಂದು ಯಾರಾದರೂ ಊಹಿಸುತ್ತಾರೆ, ನಡೆಯುವುದು ತಿರುವುಮುರುವು.

ಇದನ್ನು ತಿಳಿದವರು ಹಳೆಯ ಕಾರನ್ನು ನೋಡುವ ರೀತಿಯೇ ಬೇರೆ. ಬಾನೆಟ್ಟಿನ ನಡುವೆ ಕಾಣುವ ಕೆಂಪು ಕಲೆಗೆ ಹೆದರಬೇಕಿಲ್ಲ. ಭಯಪಡಬೇಕಾದ್ದು ಗಾಳಿಯಾಡದ ಕಡೆ: ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಕೂತ ಕೆಸರು, ಬಾಗಿಲಿನ ತಳದಲ್ಲಿ ಮುಚ್ಚಿಹೋದ ನೀರಿನ ತೂತು, ನೆಲದ ಕಾರ್ಪೆಟ್ಟಿನ ಅಡಿ, ಸ್ಟೆಪ್ನಿ ಇಡುವ ಗುಂಡಿ. ವ್ಯಾಗನ್ನಿನಲ್ಲಿ ಇವುಗಳ ಜತೆಗೆ ಇನ್ನೂ ಎರಡು. ಹಿಂದಿನ ಉದ್ದನೆಯ ಪಕ್ಕದ ಗಾಜನ್ನು ಹಿಡಿದಿಡುವ ರಬ್ಬರ್ ಬೀಡಿಂಗು ಹಳತಾದಂತೆ ಕುಗ್ಗಿ, ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ಎತ್ತುವ ಹಿಂಬಾಗಿಲಿನ ಕೀಲಿನ ಸುತ್ತ ಎರಡು ತಗಡು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ನಡುವಿನ ಕೂದಲೆಳೆಯ ಸಂದಿಗೆ ನೀರು ತಾನಾಗಿ ಏರುತ್ತದೆ. ನಮ್ಮ ಗಾಡಿಯಲ್ಲಿ ಹೊರಗಿನ ಬಣ್ಣ ಹಪ್ಪಳದ ಹಾಗೆ ಉಬ್ಬಿದ್ದು ಅಲ್ಲೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಬಣ್ಣ ಉಬ್ಬಿದ್ದು ಕಣ್ಣಿಗೆ ಬಿದ್ದಾಗ ಒಳಗಿನ ತಗಡು ಆಗಲೇ ಮುಗಿದಿರುತ್ತದೆ.

ಕರಾವಳಿಯದು ಇನ್ನೊಂದು ಕಥೆ. ಸಾಮಾನ್ಯವಾಗಿ ಗಾಳಿಯ ತೇವಾಂಶ ಶೇಕಡ 60ರ ಆಸುಪಾಸು ದಾಟಿದ ಮೇಲೆ ಉಕ್ಕಿನ ಮೇಲೆ ತುಕ್ಕು ಚುರುಕಾಗುತ್ತದೆ. ಆದರೆ ಕಡಲಗಾಳಿ ಹೊತ್ತು ತರುವ ಅಡುಗೆ ಉಪ್ಪು ಶೇಕಡ 75ರ ತೇವಾಂಶದಲ್ಲಿ ತಾನೇ ನೀರು ಹೀರಿ ದ್ರವವಾಗುತ್ತದೆ. ಅದರ ಜತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಅಂದರೆ ಮಳೆ ಬಾರದ ದಿನವೂ, ಬಿಸಿಲು ಕಾಯುವ ಮಧ್ಯಾಹ್ನವೂ ಉಪ್ಪು ಕೂತ ತಗಡು ಒದ್ದೆಯಾಗಿಯೇ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಕವರು ಹೊದಿಸಿ ಕಾರನ್ನು ಕಾಪಾಡಿದೆವೆಂದು ನೆಮ್ಮದಿಯಾಗಿರುವವರು ಆ ತೇವವನ್ನು ಒಳಗೇ ಕೂಡಿಹಾಕುತ್ತಿರುತ್ತಾರೆ. ಕರಾವಳಿಯಲ್ಲಿ ಗಾಡಿಗೆ ಬೇಕಾದದ್ದು ಸಿಹಿನೀರಿನ ಸ್ನಾನ ಮತ್ತು ಗಾಳಿ, ಕವರಲ್ಲ.

ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದರಿಂದ ಆದದ್ದು ತುಕ್ಕಿಗಿಂತ ಕುತೂಹಲದ ಸಂಗತಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಮಳೆಗಾಲದಲ್ಲಿ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ತೆಗೆದಿಡುತ್ತಿತ್ತು. ಮಳೆ ಮುಗಿದು ನೋಡಿದರೆ ಕಾಡತೂಸಿನ ಹಿತ್ತಾಳೆ ಕವಚಗಳು ಸೀಳಿರುತ್ತಿದ್ದವು. ಕಾರಣ ಪೂರ್ತಿ ಗೊತ್ತಾದದ್ದು 1921ರಲ್ಲಿ: ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತದೆ, ತಯಾರಿಸುವಾಗಿನ ಬಿಗಿತ ಲೋಹದಲ್ಲಿ ಉಳಿದಿದ್ದರೆ ಅಲ್ಲೇ ಬಿರುಕು ಬಿಡುತ್ತದೆ. ಗಂಜಲದ ಅಮೋನಿಯಾಕ್ಕೂ ಅದೇ ಗುಣ. ನಮ್ಮ ಗಾಡಿಯಲ್ಲಿ ಕೊಟ್ಟಿಗೆ ಕಡೆಗಿದ್ದ ವೈರುಗಳ ಹಿತ್ತಾಳೆ ಟರ್ಮಿನಲ್ಲುಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಕೆಲವು ಮುಟ್ಟಿದರೆ ಮುರಿಯುತ್ತಿದ್ದವು. ಇನ್ನೊಂದು ಕಡೆಯವು ಮಸುಕಾಗಿದ್ದವು ಅಷ್ಟೆ.

ಹಾಗಾದರೆ ತುಕ್ಕಿಗೇನು ಮದ್ದು? ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ದಪ್ಪಗೆ ಸದ್ದು ಕೊಡುತ್ತದೆ. ಜತೆಗೊಂದು ಆಯಸ್ಕಾಂತ ಇಟ್ಟುಕೊಳ್ಳಿ. ಅದು ಹಿಡಿಯದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿ ಮುಚ್ಚಿದ್ದಾರೆ. ಪುಟ್ಟಿ ಮೇಲ್ಮೈ ನುಣುಪು ಮಾಡುವುದಕ್ಕೆ ಇರುವ ವಸ್ತು. ತೂತು ಮುಚ್ಚಲು ಬಳಸಿದರೆ ಅದು ನಿಧಾನವಾಗಿ ನೀರು ಹೀರಿ ಹಿಂದಿನಿಂದ ತುಕ್ಕನ್ನು ಸಾಕುತ್ತದೆ. ಟಿಂಕರಿಂಗ್ ಮಾಡುವವರಲ್ಲಿ ಒಳ್ಳೆಯವರನ್ನು ಗುರುತಿಸುವ ಬಗೆ ಇದು: ಕೊಳೆತ ತಗಡನ್ನು ಗಟ್ಟಿ ಅಂಚು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸೆಯುವವರು ಸರಿ. ಡಬ್ಬಿ ತೆರೆದು ಪುಟ್ಟಿ ಕಲಸುವವರಿಗೆ ನಮಸ್ಕಾರ ಹೇಳಿ.

ಕತ್ತರಿಸಲಾಗದ ಕಡೆ, ಚಾಸಿಯ ಮೇಲ್ಮೈಯಂಥ ಕಡೆ, ಕೆಲಸಕ್ಕೆ ಬರುವುದು ಟ್ಯಾನಿಕ್ ಆಮ್ಲ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು ಇದನ್ನು ಬಳಿದರೆ ಉಳಿದ ತುಕ್ಕು ನೀಲಿಗಪ್ಪಿನ ಫೆರಿಕ್ ಟ್ಯಾನೇಟ್ ಆಗಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದು ಇದೇ, ಇಲ್ಲವೇ ಫಾಸ್ಫಾರಿಕ್ ಆಮ್ಲ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಬೆರೆಸಿ ಕಪ್ಪು ಶಾಯಿ ಮಾಡುತ್ತಿದ್ದ ನಮ್ಮ ಹಿರಿಯರು ನಡೆಸುತ್ತಿದ್ದ ರಸಾಯನ ಕ್ರಿಯೆಯೂ ಇದುವೇ. ಬೋಲ್ಟು, ಬ್ರಾಕೆಟ್ಟಿನಂಥ ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾ ಕರಗಿಸಿದ ಬಕೆಟ್ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ಭಾಗಕ್ಕೆ ನೆಗೆಟಿವ್, ಬೇಡದ ಕಬ್ಬಿಣದ ತುಂಡೊಂದಕ್ಕೆ ಪಾಸಿಟಿವ್ ಕೊಟ್ಟು ರಾತ್ರಿಯಿಡೀ ಬಿಟ್ಟರೆ ತುಕ್ಕು ಕಳಚಿ ಬೀಳುತ್ತದೆ. ಹೈಡ್ರೋಜನ್ ಹೊರಡುವುದರಿಂದ ಇದನ್ನು ಬಯಲಲ್ಲೇ ಮಾಡಬೇಕು. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಕಟ್ಟಬೇಡಿ. ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತದೆ.

ಬರಿ ಲೋಹದ ಮೇಲೆ ಮೊದಲ ಲೇಪ ಸತುವಿನ ಪ್ರೈಮರಿನದಾದರೆ ಒಳ್ಳೆಯದು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ, ಬಣ್ಣಕ್ಕೆ ಗೀರು ಬಿದ್ದರೂ ಕರಗುವ ಸರದಿ ಅದರದ್ದು. ಹಂಫ್ರಿ ಡೇವಿ 1824ರಲ್ಲೇ ಈ ಉಪಾಯವನ್ನು ಬ್ರಿಟಿಷ್ ನೌಕಾಪಡೆಗೆ ಹೇಳಿಕೊಟ್ಟಿದ್ದ. ಹಡಗಿನ ತಳದ ತಾಮ್ರಕ್ಕೆ ಸತು, ಕಬ್ಬಿಣದ ತುಂಡುಗಳನ್ನು ತಗುಲಿಸಿದ. ತಾಮ್ರ ಕರಗುವುದು ನಿಂತಿತು. ಆದರೆ ಕರಗುವ ತಾಮ್ರದ ವಿಷವೇ ಅಲ್ಲಿಯವರೆಗೆ ಚಿಪ್ಪುಜೀವಿಗಳನ್ನು ದೂರವಿಟ್ಟಿತ್ತು. ಅದು ನಿಂತೊಡನೆ ಅವು ಬಂದು ಅಂಟಿಕೊಂಡು ಹಡಗಿನ ವೇಗ ಕುಗ್ಗಿತು. ಕಾರಿಗೆ ಆ ಭಯವಿಲ್ಲ.

ಎಂಜಿನ್ನಿನ ವಿಷಯದಲ್ಲಿ ಮನೆಯವರು ಮಾಡುವ ಮೊದಲ ಕೆಲಸವೇ ಕೆಟ್ಟ ಕೆಲಸ. ಹೊಸ ಬ್ಯಾಟರಿ ತಂದು, ಪೂಜೆ ಮಾಡಿ, ಸೆಲ್ಫ್ ಹೊಡೆಯುವುದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಕೆಳಗಿಳಿದಿರುತ್ತದೆ. ನಾಲ್ಕರಲ್ಲಿ ಯಾವುದೋ ಒಂದು ಸಿಲಿಂಡರಿನ ವಾಲ್ವು ತೆರೆದೇ ನಿಂತಿದ್ದು, ಅದರೊಳಗೆ ಹೊರಗಿನ ತೇವ ನುಗ್ಗಿ ಪಿಸ್ಟನ್ ರಿಂಗು ಗೋಡೆಗೆ ತಾಗಿದ ಕಡೆ ತುಕ್ಕಿನ ಬಳೆ ಕಟ್ಟಿರುತ್ತದೆ. ಸೆಲ್ಫ್ ಮೋಟರಿನ ಬಲಕ್ಕೆ ಅದು ಕಳಚಿದರೆ ರಿಂಗು ಮುರಿಯುತ್ತದೆ, ಇಲ್ಲವೇ ಗೋಡೆ ಗೀರುತ್ತದೆ. ಅದರ ಬದಲು ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದು, ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಬೇಕು. ತಿರುಗದಿದ್ದರೆ ಮತ್ತೆ ನೆನೆಸಬೇಕು. ಇಲ್ಲಿ ಬೇಕಾದದ್ದು ತಾಳ್ಮೆ, ತೋಳ್ಬಲವಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಬಿಗಿ ಬೇಕು. ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಗಬಕ್ಕನೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಅದರ ಅರ್ಧ ಸಾಕು. ಆದರೆ ಸವೆದ ರಿಂಗಿನ ಪಕ್ಕದಿಂದ ಗಾಳಿ ಸೋರಿದರೆ, ತಣ್ಣನೆಯ ಗೋಡೆ ಇದ್ದಬದ್ದ ಬಿಸಿಯನ್ನೂ ಹೀರಿದರೆ, ಆ ಅರ್ಧವೂ ಸಿಗುವುದಿಲ್ಲ. ಚಳಿಯ ಬೆಳಗ್ಗೆ ಹಳೆಯ ಡೀಸೆಲ್ ಗಾಡಿ ಬಿಳಿ ಹೊಗೆ ಬಿಟ್ಟು ಹಟ ಹಿಡಿಯುವುದು ಇದಕ್ಕೇ. ಆ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್. ನಮ್ಮದರಲ್ಲಿ ಒಂದು ಸಿಲಿಂಡರಿನ ಕಂಪ್ರೆಷನ್ ಉಳಿದವಕ್ಕಿಂತ ಕಡಿಮೆ ಇತ್ತು. ಹೋನಿಂಗ್ ಮಾಡಿಸಿ ರಿಂಗು ಬದಲಿಸಿದೆವು. ಹೋನಿಂಗ್ ಎಂದರೆ ಗೋಡೆಯನ್ನು ನುಣುಪು ಮಾಡುವುದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಗೋಡೆಯ ಮೇಲೆ ಒಂದನ್ನೊಂದು ಹಾಯುವ ಸಣ್ಣ ಗೀರುಗಳನ್ನು ಎಳೆಯುವ ಕೆಲಸ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ.

ಟ್ಯಾಂಕಿನಲ್ಲಿ ಇನ್ನೊಂದು ಜೀವಲೋಕವಿತ್ತು. ಡೀಸೆಲ್ ತಳದಲ್ಲಿ ತೇವದ ನೀರು ಕೂತಾಗ ಎರಡರ ಗಡಿಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಕುಡಿಯಲು ನೀರು, ತಿನ್ನಲು ಹೈಡ್ರೋಕಾರ್ಬನ್. ಫಿಲ್ಟರಿನಲ್ಲಿ ಸಿಕ್ಕಿದ ಕಪ್ಪು ಲೋಳೆ ಇದೇ. ಮೈಕ್ರಾನುಗಳ ಲೆಕ್ಕದಲ್ಲಿ ಅಳತೆ ಹಿಡಿದು ಮಾಡಿದ ಪಂಪು, ನಾಜಲ್ಲುಗಳಿಗೆ ಇದು ಹೊಕ್ಕರೆ ಖರ್ಚು ಎಂಜಿನ್ನಿಗಿಂತ ಮೇಲೆ ಹೋಗುತ್ತದೆ. ಟ್ಯಾಂಕ್ ಇಳಿಸಿ ತೊಳೆಯುವುದೊಂದೇ ದಾರಿ.

ಬಿಡಿಭಾಗದ ಮಾತು ಹೇಳಿಬಿಡುತ್ತೇನೆ. ಇದೇ ಎಂಜಿನ್ ಸಿಯೆರಾದಲ್ಲೂ ಮೊದಮೊದಲ ಸುಮೋಗಳಲ್ಲೂ ಇದ್ದುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಸ್ಟೇಟ್ ಎಂದು ಕೇಳಿದರೆ ತಲೆಯಾಡಿಸುವವರು ಸುಮೋ ಎಂದರೆ ಒಳಗಿನಿಂದ ಡಬ್ಬಿ ತರುತ್ತಾರೆ. ಗಾಜು, ಹಿಂದಿನ ದೀಪ, ಬೀಡಿಂಗುಗಳಿಗೆ ಆ ಅನುಕೂಲವಿಲ್ಲ. ಅವು ಒಡೆಯದಂತೆ ಬಿಚ್ಚುವುದೇ ಅರ್ಧ ಕೆಲಸ.

ಕಣ್ಣಿಗೆ ಚೆನ್ನಾಗಿ ಕಂಡು ಕೈಕೊಡುವುದು ರಬ್ಬರ್. ಗಾಳಿಯಲ್ಲಿರುವ ಅತ್ಯಲ್ಪ ಓಝೋನ್ ರಬ್ಬರಿನ ಅಣುಸರಪಳಿಯ ಜೋಡಿ ಬಂಧಗಳನ್ನು ಕತ್ತರಿಸುತ್ತದೆ. ರಬ್ಬರ್ ಎಳೆತದಲ್ಲಿದ್ದರೆ ಆ ಎಳೆತಕ್ಕೆ ಅಡ್ಡಲಾಗಿ ಬಿರುಕು ಬಿಡುತ್ತದೆ. ಇದನ್ನು ತಡೆಯಲು ಟೈರಿನಲ್ಲಿ ಮೇಣ ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗಿ ಬಳುಕಿದಂತೆ ಮೇಣ ಹೊರಮೈಗೆ ಬಂದು ಪೊರೆ ಕಟ್ಟುತ್ತದೆ. ನಿಂತ ಗಾಡಿಯ ಟೈರಿಗೆ ಆ ಪೊರೆಯ ಭಾಗ್ಯವಿಲ್ಲ. ಆದ್ದರಿಂದ ಗುಂಡಿಗಳು ಪೂರ್ತಿ ಆಳವಿರುವ ಹಳೆಯ ಟೈರು ಮೋಸಗಾರ. ಹೋಸು, ಬ್ರೇಕಿನ ರಬ್ಬರ್ ಬಟ್ಟಲುಗಳಿಗೂ ಇದೇ ಮಾತು: ಚೆನ್ನಾಗಿವೆಯೋ ಇಲ್ಲವೋ ನೋಡಲು ಹೋಗದೆ ಎಲ್ಲವನ್ನೂ ಎಸೆಯಿರಿ.

ಬ್ರೇಕ್ ಆಯಿಲ್ ಅಂತೂ ಗಾಳಿಯ ತೇವ ಹೀರುವ ಗ್ಲೈಕಾಲ್ ದ್ರವ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಶೇಕಡ 3.7ರಷ್ಟು ನೀರು ಸೇರಿದ ಮೇಲೆ 140 ಸಾಕು. ಒಂದು ಲೆಕ್ಕ ಹಾಕಿ ನೋಡಿ. ಮಂದಿ, ಸಾಮಾನು ಸೇರಿ 2000 ಕಿಲೋ ತೂಗುವ ಗಾಡಿ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ 500 ಮೀಟರ್ ಇಳಿದರೆ ಸುಮಾರು 98 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಮೂವತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಬಿಸಿ ಅದು. ತಗ್ಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲು ಹೊರುತ್ತದೆ, ಇಲ್ಲದಿದ್ದರೆ ಬಹುಪಾಲು ಬ್ರೇಕಿನ ಮೇಲೆ. ದ್ರವದಲ್ಲಿ ಸೇರಿದ ನೀರು ಆವಿಯಾಯಿತೋ, ಪೆಡಲು ಆವಿಯನ್ನು ಅದುಮುತ್ತದೆ, ಬ್ರೇಕನ್ನಲ್ಲ. ಬಣ್ಣಕ್ಕೆ ಕಾದಿಟ್ಟ ದುಡ್ಡನ್ನು ಮೊದಲು ಇಲ್ಲಿ ಹಾಕಿ.

ವಿದ್ಯುತ್ತಿನ ಪಾಠ ಒಂದೇ ಸಾಲಿನದು. ಸೆಲ್ಫ್ ಮೋಟರು 200 ಆಂಪಿಯರ್ ಎಳೆಯುವಾಗ ತುಕ್ಕು ಹಿಡಿದ ಅರ್ಥಿಂಗ್ ಪಟ್ಟಿಯಲ್ಲಿ ಒಂದು ಓಮಿನ ನೂರನೇ ಒಂದು ಭಾಗ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಮಾಯ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಆ ಪಟ್ಟಿಯನ್ನು ಉಜ್ಜಿ.

ಇನ್ನು, ಗುಜರಿಗೆ ಕೊಡಲು ಮನಸ್ಸು ಬಾರದ ವಿಷಯ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪುಟ್ಟ ಮಕ್ಕಳಿಗೆ ಒಂದು ಪೆಟ್ಟಿಗೆ ತೋರಿಸಿ, ಇದು ಯಾವ ವಸ್ತುವನ್ನಾದರೂ ತದ್ವತ್ತಾಗಿ ಇನ್ನೊಂದು ಮಾಡುವ ಯಂತ್ರ ಎಂದು ನಂಬಿಸಿದರು. ಸಾಮಾನ್ಯ ಆಟಿಕೆಯಾದರೆ ಮಕ್ಕಳು ಹೊಸದನ್ನೂ ಖುಷಿಯಾಗಿ ಒಪ್ಪುತ್ತಿದ್ದರು. ದಿನಾ ರಾತ್ರಿ ತಬ್ಬಿ ಮಲಗುವ ತಮ್ಮದೇ ಗೊಂಬೆ, ಹೊದಿಕೆಗಳ ವಿಷಯದಲ್ಲಿ ಹೆಚ್ಚಿನವರು ಹಳೆಯದೇ ಬೇಕೆಂದರು. ಕೆಲವರು ಅದನ್ನು ಪೆಟ್ಟಿಗೆಯೊಳಗಿಡಲೂ ಬಿಡಲಿಲ್ಲ. ವಸ್ತುವಿನ ಗುಣಗಳಿಗಾಗಿ ಅಲ್ಲ, ಅದು ಹಾದುಬಂದ ದಾರಿಗಾಗಿ ನಾವು ಅದನ್ನು ಹಿಡಿದುಕೊಳ್ಳುತ್ತೇವೆ. ಇದು ದೊಡ್ಡವರಾದ ಮೇಲೆ ಹುಟ್ಟಿಕೊಂಡ ಹುಚ್ಚಲ್ಲ.

ಹಾಗೆ ನೋಡಿದರೆ ಹಳೆಯ ಗಾಡಿಯ ಶತ್ರು ತುಕ್ಕೊಂದೇ ಅಲ್ಲ, ಅತಿಯಾದ ಉತ್ಸಾಹವೂ ಹೌದು. ಕಟ್ಟಡ ಸಂರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು, ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರ ಟ್ಯೂರಿನ್ ಸನ್ನದಿನಲ್ಲಿ ಅದೇ ದಾರಿ ಹಿಡಿದು, ಇದ್ದದ್ದನ್ನು ಉಳಿಸುವುದನ್ನೂ ಹೊಸದಾಗಿಸುವುದನ್ನೂ ಬೇರೆಬೇರೆ ಮಾಡಿತು. ನಮ್ಮ ಮನೆಯಲ್ಲಿ ಹಾಕಿಕೊಂಡ ನಿಯಮ ಇನ್ನೂ ಸರಳ: ಪ್ರಾಣಕ್ಕೆ ಸಂಬಂಧಿಸಿದ್ದೆಲ್ಲ ಹೊಸದು, ಕೈ ತಾಗಿದ್ದೆಲ್ಲ ಹಳೆಯದು. ತೇವಕ್ಕೆ ಪುಡಿಯಾಗಿದ್ದ ಸೀಟಿನ ಫೋಮ್ ಬದಲಾಯಿತು, ಮೇಲಿನ ಬಟ್ಟೆ ಒಗೆಸಿ ಹೊಲಿಸಿದ್ದಾಯಿತು. ಅಪ್ಪನ ಅಂಗೈ ಉಜ್ಜಿ ನುಣುಪಾದ ಸ್ಟಿಯರಿಂಗ್ ಉಳಿಯಿತು. ಹಿಂಬಾಗಿಲಿನ ಒಳಗೆ ತಂಗಿ ಮೊಳೆಯಿಂದ ಗೀಚಿದ ಅವಳ ಹೆಸರಿನ ಮೇಲೆ ಬಣ್ಣ ಬಳಿಯಲು ಹೊರಟ ಪೇಂಟರನ್ನು ತಡೆಯಬೇಕಾಯಿತು.

ವಾಸನೆಯ ಬಗ್ಗೆ ಮಾತ್ರ ಮನೆಯಲ್ಲಿ ಒಮ್ಮತವಿರಲಿಲ್ಲ. ಮೂಗಿನ ಸಂಕೇತಗಳು ಉಳಿದ ಇಂದ್ರಿಯಗಳ ಸಂಕೇತಗಳಂತೆ ಮೊದಲು ಥಾಲಮಸ್ಸಿಗೆ ಹೋಗದೆ, ಭಾವನೆ ಮತ್ತು ನೆನಪಿನ ಕೇಂದ್ರಗಳಿಗೆ ಹತ್ತಿರದ ದಾರಿಯಲ್ಲಿ ತಲುಪುತ್ತವೆ. ಬಾಗಿಲು ತೆರೆದೊಡನೆ ಅಮ್ಮನ ಕಣ್ಣು ತುಂಬಿದ್ದಕ್ಕೆ ನರಶಾಸ್ತ್ರದ ವಿವರಣೆ ಇದು. ಆದರೆ ಆ ವಾಸನೆಯಲ್ಲಿ ಬೂಷ್ಟಿನ ಪಾಲು ದೊಡ್ಡದಿತ್ತು, ಬೂಷ್ಟು ಶ್ವಾಸಕ್ಕೆ ಕೆಟ್ಟದ್ದು. ತೆಗೆಸಿದೆವು. ನನ್ನ ಮತ ಈಗಲೂ ಅದೇ.

ಭಾವನೆಯ ಹೆಸರಿನಲ್ಲಿ ಹೊಗೆಯನ್ನೂ ಮರೆಯುವಂತಿಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ವರ್ಗೀಕರಿಸಿದೆ. ನಮ್ಮದು ಭಾರತ್ ಸ್ಟೇಜ್ ಮಟ್ಟಗಳಿಗೂ ಮೊದಲಿನ ಎಂಜಿನ್, ಮಸಿ ಹಿಡಿಯುವ ಫಿಲ್ಟರಿಲ್ಲ. ಹಬ್ಬಕ್ಕೆ, ಮದುವೆಗೆ, ಬ್ಯಾಟರಿ ಮತ್ತು ಟೈರಿನ ಆರೋಗ್ಯಕ್ಕೆ ಓಡಿಸುವುದು ಸರಿ. ದಿನಾ ಪೇಟೆಗೆ ಒಯ್ಯುವುದು ನೆರೆಯವರಿಗೆ ಮಾಡುವ ಅನ್ಯಾಯ. ಸರ್ಕಾರವೂ ಸುಮ್ಮನಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಯಿತು. ಇಪ್ಪತ್ತು ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿತು. ವಿಂಟೇಜ್ ಎಂಬ ಬಿರುದಿನ ನೋಂದಣಿ ಸಿಗಬೇಕಾದರೆ 50 ವರ್ಷ ತುಂಬಿರಬೇಕು. ಎಸ್ಟೇಟಿಗೆ ಅದು 2042ಕ್ಕೂ ಮೊದಲು ಆಗುವ ಮಾತಲ್ಲ.

ನಿಮ್ಮ ಮನೆಯ ಹಿತ್ತಲಲ್ಲೂ ಇಂಥದ್ದೊಂದು ನಿಂತಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಅದರ ಕವರು ಕಿತ್ತು ಗಾಳಿಯಾಡಿಸಿ, ಕೆಳಗಿನ ಕೆಸರನ್ನು ಸಿಹಿನೀರಲ್ಲಿ ತೊಳೆಯಿರಿ, ಬಾಗಿಲ ತಳದ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಕೊಟ್ಟಿಗೆಯಿಂದ ದೂರಕ್ಕೆ ತಳ್ಳಿ. ಎಂಜಿನ್ ಕೈಯಲ್ಲಿ ತಿರುಗುವವರೆಗೆ ಯಾರಿಗೂ ಕೀಲಿಕೈ ಕೊಡಬೇಡಿ.